ದಡದಕ್ಕ

ಕಡಲೊಳಗೆ ನಿಂತು ಗಾಳಿಯಿಂದ ಕರೆಂಟು ತೆಗೆಯುವ ಅರವತ್ತೆರಡು ಗಾಳಿಕಂಬಗಳನ್ನು ಹತ್ತಿ ಇಳಿಯುವ ಕೆಲಸಗಾರರು ಅವಳನ್ನು ದಡದಕ್ಕ ಎಂದು ಕರೆಯುತ್ತಿದ್ದರು. ಹೆಚ್ಚಿನವರು ಅವಳ ಮುಖವನ್ನು ವರ್ಷಕ್ಕೊಮ್ಮೆ, ಸುರಕ್ಷತೆಯ ತರಬೇತಿಯ ದಿನ ನೋಡಿದ್ದರೆ ಹೆಚ್ಚು. ಅವರಿಗೆ ಗೊತ್ತಿದ್ದದ್ದು ಅವಳ ದನಿ. ಬಂದರಿನ ಕೊನೆಯ ಕಟ್ಟಡದ ಮೂರನೇ ಮಹಡಿಯಲ್ಲಿ ಅವಳ ಕೋಣೆ. ಮೇಜಿನ ಮೇಲೆ ರೇಡಿಯೊ, ಎರಡು ಫೋನು, ಹವಾಮಾನ ತೋರಿಸುವ ಎರಡು ಪರದೆ. ಎದುರು ಗೋಡೆಗೆ ಉಕ್ಕಿನ ದೊಡ್ಡ ಹಲಗೆ, ಅದರ ಮೇಲೆ ಹೆಸರು ಬರೆದ ಅಯಸ್ಕಾಂತದ ಬಿಲ್ಲೆಗಳು. ಬೋಟು ಹತ್ತಿದವನ ಬಿಲ್ಲೆ ಎಡಗಡೆಯಿಂದ ಎದ್ದು ಅವನು ಹೋಗುವ ಕಂಬದ ಸಂಖ್ಯೆಗೆ ಅಂಟಿಕೊಳ್ಳುತ್ತಿತ್ತು. ಅವನು ಸಂಜೆ ದಡಕ್ಕೆ ಕಾಲಿಟ್ಟ ಮೇಲೆಯೇ ಅದು ಮತ್ತೆ ಎಡಕ್ಕೆ. ಆ ಬಿಲ್ಲೆಗಳನ್ನು ಬೇರೆಯವರು ಮುಟ್ಟಿದರೆ ಅವಳಿಗೆ ಆಗುತ್ತಿರಲಿಲ್ಲ.

ಅವಳು ಈ ಕುರ್ಚಿಗೆ ಬಂದದ್ದು ಬಹಳ ಸುತ್ತಿ. ಅಪ್ಪ ಬಂದರಿನಲ್ಲಿ ಕ್ರೇನು ಓಡಿಸುತ್ತಿದ್ದ, ಮನೆಯಲ್ಲಿ ಇರುತ್ತಿದ್ದದ್ದೇ ಕಡಿಮೆ. ಅವಳಿಗೆ ಹತ್ತೊಂಬತ್ತು, ತಮ್ಮನಿಗೆ ನಾಲ್ಕು ವರ್ಷವಿದ್ದಾಗ ಅಮ್ಮ ತೀರಿಕೊಂಡಳು. ಅವಳು ಓದಿಗೆ ತಿಲಾಂಜಲಿ ಇಟ್ಟು ಬಂದರಿನ ಕಚೇರಿಯಲ್ಲಿ ಬೆರಳಚ್ಚಿಗೆ ಸೇರಿದಳು. ಬೆಳಗ್ಗೆ ತಮ್ಮನಿಗೆ ತಲೆ ಬಾಚಿ ಶಾಲೆಗೆ ಬಿಟ್ಟು ಕೆಲಸಕ್ಕೆ ಓಡುವುದು, ಸಂಜೆ ಅವನ ಮಗ್ಗಿ ಒಪ್ಪಿಸಿಕೊಳ್ಳುತ್ತ ಅಡುಗೆ ಮಾಡುವುದು. ಮದುವೆಯ ಮಾತು ಎರಡು ಸಲ ಬಂತು. ಎರಡು ಸಲವೂ ಬಂದವರು ತಮ್ಮನನ್ನು ಏನು ಮಾಡುತ್ತೀರಿ ಎಂದು ಕೇಳಿದರು. ಮೂರನೆಯ ಸಲ ಯಾರೂ ಬರಲಿಲ್ಲ, ಅವಳೂ ದಾರಿ ನೋಡಲಿಲ್ಲ.

ಒಂದು ದಿನ ಹಡಗುಗಳಿಗೆ ಭರತ ಇಳಿತದ ಹೊತ್ತು ತಿಳಿಸುವವನಿಗೆ ಗಂಟಲು ಕಟ್ಟಿತು. ಹಾಳೆ ಕೊಟ್ಟು ಅವಳನ್ನು ರೇಡಿಯೊ ಮುಂದೆ ಕೂರಿಸಿದರು. ಅಂದಿನಿಂದ ಆ ಕೆಲಸ ಅವಳದೇ ಆಯಿತು. ದನಿ ಅಂಥ ಇಂಪಿನದೇನಲ್ಲ, ಆದರೆ ಏರುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಕಡಲಿನಲ್ಲಿ ಗಾಳಿಕಂಬಗಳು ಎದ್ದ ಮೇಲೆ ಕಂಪನಿಯವರು ಅವಳನ್ನು ಕೇಳಿಕೊಂಡು ಬಂದು ಕರೆದೊಯ್ದರು. ತಮ್ಮ ಅಷ್ಟರಲ್ಲಿ ವಿದ್ಯುತ್ ಕೆಲಸ ಕಲಿತಿದ್ದ. ಎರಡು ವರ್ಷದ ಬಳಿಕ ಅವನನ್ನೂ ಸೇರಿಸಿದಳು. ಎತ್ತರ ಎಂದರೆ ಅವನಿಗೆ ಚಿಕ್ಕಂದಿನಿಂದಲೂ ಲೆಕ್ಕಕ್ಕಿಲ್ಲ.

ಅವಳ ಬಗ್ಗೆ ಎಲ್ಲರೂ ಹೇಳುತ್ತಿದ್ದ ಮಾತು ಒಂದೇ: ದಡದಕ್ಕ ಗೊತ್ತಿದ್ದರೆ ಗೊತ್ತು ಅನ್ನುತ್ತಾಳೆ, ಇಲ್ಲದಿದ್ದರೆ ಇಲ್ಲ ಅನ್ನುತ್ತಾಳೆ. ಬೋಟು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕಂಬದ ಮೇಲಿನವನು ಕೇಳಿದರೆ “ಈಗ ಬರುತ್ತೆ” ಎಂಬ ಮಾತೇ ಅವಳ ಬಾಯಲ್ಲಿಲ್ಲ. “ನಲವತ್ತು ನಿಮಿಷ. ತಡವಾದರೆ ನಾನೇ ಹೇಳ್ತೀನಿ.” ತಡವಾದರೆ ಹೇಳುತ್ತಿದ್ದಳು ಕೂಡ. ಮೇಲಿನವರು ಮಳೆ ಗಾಳಿಯಲ್ಲಿ ಅವಳ ಮಾತಿಗೆ ಬೆನ್ನು ಒರಗಿಸಿ ಕೂರುತ್ತಿದ್ದರು.

ತಮ್ಮನ ಜೋಡಿಯಾಗಿ ಹೋಗುತ್ತಿದ್ದವನು ಮೇಷ್ಟ್ರು. ಅವನು ಯಾವ ಶಾಲೆಯಲ್ಲೂ ಪಾಠ ಮಾಡಿದವನಲ್ಲ, ಯಂತ್ರದ ಕೆಲಸಗಾರ. ಐವತ್ಮೂರು ವರ್ಷ, ಸಣಕಲು ಮೈ. ಒಂದು ಬೋಲ್ಟು ಬಿಗಿಯುವಾಗಲೂ ಅದನ್ನು ಯಾಕೆ ಹಾಗೆಯೇ ಬಿಗಿಯಬೇಕು ಎಂದು ಪಾಠ ಹೇಳುವ ಚಟ, ಅದಕ್ಕೇ ಆ ಹೆಸರು. ಮನೆಯಲ್ಲಿ ಊಟಕ್ಕೆ ಕೂತಾಗ ತಮ್ಮ ಅವನ ಗಂಟಲನ್ನು ಅಣಕಿಸಿ ಅಕ್ಕನನ್ನು ನಗಿಸುತ್ತಿದ್ದ. “ನಗಬೇಡಿ ದಡದಕ್ಕ, ನಗುವಾಗ ಎಷ್ಟು ಸ್ನಾಯು ಕೆಲಸ ಮಾಡುತ್ತೆ ಗೊತ್ತಾ?” ಅಣಕಿಸಿದರೂ ತಮ್ಮನಿಗೆ ಮೇಷ್ಟ್ರ ಮೇಲೆ ಪ್ರಾಣ.

ಆ ದಿನ ಬೆಳಗ್ಗೆ ಇಬ್ಬರ ಬಿಲ್ಲೆಗಳನ್ನೂ ಅವಳು ನಲವತ್ತೊಂದನೇ ಕಂಬಕ್ಕೆ ಹಚ್ಚಿದಳು. ದಡದಿಂದ ಇಪ್ಪತ್ತೆಂಟು ಕಿಲೋಮೀಟರ್. ಗಾಳಿ ಇರಲಿಲ್ಲ. ದೂರದ ಯಾವುದೋ ಬಿರುಗಾಳಿ ಎಬ್ಬಿಸಿದ ಉಬ್ಬಲೆ ಸಂಜೆಗೆ ಇತ್ತ ಮುಟ್ಟುತ್ತದೆ ಎಂದು ಪರದೆ ಹೇಳುತ್ತಿತ್ತು. ಮೂರು ಗಂಟೆಗೆ ಎಲ್ಲರನ್ನೂ ಇಳಿಸುವುದೆಂದು ತೀರ್ಮಾನವಾಯಿತು. ಕಂಬದ ನೆತ್ತಿಯ ಯಂತ್ರದ ಕೋಣೆಯಲ್ಲಿ ಕೆಟ್ಟ ಬ್ರೇಕು ಬದಲಿಸುವ ಕೆಲಸ. ಅದಕ್ಕಾಗಿ ಕರೆಂಟು ತೆಗೆದಿದ್ದರು, ಒಳಗಿನ ಲಿಫ್ಟು ಓಡುತ್ತಿರಲಿಲ್ಲ. ಇಬ್ಬರೂ ತೊಂಬತ್ತು ಮೀಟರ್ ಏಣಿ ಹತ್ತಿಯೇ ಮೇಲೆ ಹೋಗಿದ್ದರು.

ಹನ್ನೊಂದು ನಲವತ್ತಕ್ಕೆ ತಮ್ಮನ ದನಿ ಬಂತು. “ದಡ, ನಲವತ್ತೊಂದು. ಮೇಷ್ಟ್ರಿಗೆ ಹುಷಾರಿಲ್ಲ. ಎದೆ ಹಿಡ್ಕೊಂಡಿದೆ ಅಂತಾರೆ. ಬೆವರು ಕಿತ್ತುಕೊಂಡು ಬರ್ತಿದೆ.”

“ಪ್ರಜ್ಞೆ ಇದೆಯಾ?”

“ಇದೆ. ಮಾತಾಡ್ತಿದ್ದಾರೆ. ಎಡಗೈ ನೋವು ಅಂತಾರೆ.”

“ಗೋಡೆಗೆ ಒರಗಿಸಿ ಕೂರಿಸು. ಮೈಗೆ ಕಟ್ಟಿದ ಪಟ್ಟಿ ಎಲ್ಲ ಸಡಿಲ ಮಾಡು. ಔಷಧಿ ಪೆಟ್ಟಿಗೇಲಿ ಆಸ್ಪಿರಿನ್ ಇದೆ, ಅಗಿಯೋಕೆ ಹೇಳು. ನಾನು ಇಲ್ಲೇ ಇದ್ದೀನಿ.”

ಅವಳ ದನಿ ಎಂದಿನಂತೆಯೇ ಇತ್ತು. ಫೋನು ಎತ್ತಿ ಹೆಲಿಕಾಪ್ಟರ್ ನೆಲೆಗೆ ಹೇಳಿದಳು. ಇಪ್ಪತ್ತು ನಿಮಿಷದೊಳಗೆ ಹೊರಡುತ್ತೇವೆ ಎಂದರು. ಆ ಮಾತನ್ನು ಕಂಬಕ್ಕೆ ಮುಟ್ಟಿಸಿದಳು. ಆಗ ಅದು ನಿಜವೇ ಆಗಿತ್ತು.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಹೆಲಿಕಾಪ್ಟರ್ ಬರುವುದಾದರೆ ರೋಗಿಯನ್ನು ಮೇಲೆಯೇ ಇಟ್ಟುಕೊಂಡಿರಬೇಕು, ಯಂತ್ರದ ಕೋಣೆಯ ಚಾವಣಿಗೆ ಹಗ್ಗ ಇಳಿಬಿಟ್ಟು ಎತ್ತಿಕೊಳ್ಳುತ್ತಾರೆ. ಬೋಟಿನಲ್ಲಿ ಸಾಗಿಸುವುದಾದರೆ ಅವನನ್ನು ಹಗ್ಗದಲ್ಲಿ ತೊಂಬತ್ತು ಮೀಟರ್ ಕೆಳಗೆ, ಕಂಬದ ಬುಡದ ಕಟ್ಟೆಗೆ ಇಳಿಸಬೇಕು. ಮೇಲೋ ಕೆಳಗೋ ಎಂಬುದು ಒಂದೇ ಸಲದ ತೀರ್ಮಾನ. ಒಮ್ಮೆ ಇಳಿಸಿದವನನ್ನು ಮತ್ತೆ ಹತ್ತಿಸಲು ಆಗುವುದಿಲ್ಲ.

ಸೈಟ್ ಮ್ಯಾನೇಜರ್ ಕೆಳಗಿನ ಮಹಡಿಯಿಂದ ಓಡಿ ಬಂದು ಅವಳ ಕುರ್ಚಿಯ ಹಿಂದೆ ನಿಂತ. ಕೆಟ್ಟವನಲ್ಲ. ನಿಂತಲ್ಲಿ ನಿಲ್ಲದೆ ಹೊಯ್ದಾಡುವ ಮನುಷ್ಯ, ಅಷ್ಟೆ.

ಹನ್ನೆರಡು ಹೊಡೆದು ಹತ್ತು ನಿಮಿಷಕ್ಕೆ ನೆಲೆಯಿಂದ ಫೋನು. “ಇಲ್ಲಿ ಮಂಜು ಮುಚ್ಚಿಕೊಂಡಿದೆ. ಓಡುದಾರಿಯ ತುದಿ ಕಾಣ್ತಿಲ್ಲ. ಈಗ ಏಳೋಕೆ ಸಾಧ್ಯವಿಲ್ಲ. ಇಪ್ಪತ್ತು ನಿಮಿಷದಲ್ಲಿ ತೆಳುವಾಗಬಹುದು ಅಂತಿದ್ದಾರೆ. ಆಗಬಹುದು ಅಷ್ಟೆ.”

ಅವಳು ಫೋನು ಇಡುವ ಮೊದಲೇ ಬೋಟಿನ ಕ್ಯಾಪ್ಟನ್ ರೇಡಿಯೊದಲ್ಲಿ ಬಂದ. “ದಡದಕ್ಕ, ನಾನು ನಲವತ್ತೊಂದರ ಬುಡದಲ್ಲೇ ಇದ್ದೀನಿ. ಈಗ ಏಣಿಗೆ ತಾಗಬಹುದು. ಆದರೆ ಉಬ್ಬು ಆಗಲೇ ಶುರುವಾಗಿದೆ, ಹೇಳಿದ್ದಕ್ಕಿಂತ ಮುಂಚೆ. ಇನ್ನು ಅರ್ಧ ಗಂಟೆ ಬಿಟ್ಟು ಕೇಳಿದ್ರೆ ನಾನು ಮಾತು ಕೊಡೋಕಾಗಲ್ಲ.”

ಅವಳು ತಿರುಗಿ ಮ್ಯಾನೇಜರನ ಮುಖ ನೋಡಿದಳು. “ಹೆಲಿಕಾಪ್ಟರ್ ಹೊರಟಿಲ್ಲ. ಇಳಿಸೋಣ ಸಾರ್.”

“ಎದೆನೋವಿನ ಮನುಷ್ಯನ್ನ ಹಗ್ಗದಲ್ಲಿ ನೇತುಹಾಕೋದಾ? ಅರ್ಧ ದಾರೀಲಿ ಉಸಿರು ನಿಂತ್ರೆ? ಇಪ್ಪತ್ತು ನಿಮಿಷ ತಾನೇ, ಕಾಯೋಣ. ನಿಮ್ಮ ತಮ್ಮ ಬೇರೆ ಒಬ್ಬನೇ ಇದ್ದಾನೆ. ಅವನ ಕೈಕಾಲು ನಡುಗೋ ಹಾಗೆ ಏನೂ ಹೇಳಬೇಡಿ.”

ಅಷ್ಟರಲ್ಲಿ ತಮ್ಮನ ದನಿ. ಕಂಬದ ಸಂಖ್ಯೆ ಹೇಳಿ ಮಾತು ಶುರು ಮಾಡುವ ನಿಯಮ ಮರೆತಿದ್ದ. “ಅಕ್ಕಾ, ಹೆಲಿಕಾಪ್ಟರ್ ಹೊರಡ್ತಾ? ಇಲ್ಲಾಂದ್ರೆ ಹೇಳು, ಇಳಿಸಿಬಿಡ್ತೀನಿ. ಹಗ್ಗ ಕಟ್ಟೋಕೆ ಹತ್ತು ನಿಮಿಷ ಸಾಕು ನಂಗೆ.”

ಅವಳು ಗುಂಡಿ ಒತ್ತಿದಳು. ಇಪ್ಪತ್ತು ನಿಮಿಷದಲ್ಲಿ ಹೊರಟೇ ಹೊರಡುತ್ತದಲ್ಲ, ಈಗ ಹೇಳಿದರೂ ಆಗ ಹೇಳಿದರೂ ಒಂದೇ ಎಂದು ಆ ಗಳಿಗೆಯಲ್ಲಿ ಅನ್ನಿಸಿತು. ನಾಲ್ಕು ವರ್ಷದ ಹುಡುಗ ಅಮ್ಮ ಎಲ್ಲಿ ಎಂದು ಕೇಳಿದಾಗ ಅವಳು ಯಾವ ದನಿಯಲ್ಲಿ ಉತ್ತರ ಕೊಟ್ಟಿದ್ದಳೋ ಅದೇ ದನಿ ಬಾಯಿಗೆ ಬಂತು.

“ಹೊರಟಿದೆ,” ಎಂದಳು.

ರೇಡಿಯೊದ ಆ ಕಡೆ, ತಮ್ಮ ಸರಿ ಎಂದು ಗುಂಡಿ ಬಿಡುವ ಮುಂಚೆ, ಮೇಷ್ಟ್ರ ದನಿ ತೆಳ್ಳಗೆ ಕೇಳಿಸಿತು. “ಹೇಳಲಿಲ್ವೇನೋ? ದಡದಕ್ಕ ಹೇಳಿದ ಮೇಲೆ ಬಂತು ಅಂತಲೇ ಲೆಕ್ಕ.”

ಹೊರಟಿದೆ ಎಂದು ಅವಳು ಅಂದದ್ದನ್ನು ಕೇಳಿ ಬೋಟಿನ ಕ್ಯಾಪ್ಟನ್ ಹೆಲಿಕಾಪ್ಟರಿಗೆ ಜಾಗ ಬಿಡಲು ಬೋಟನ್ನು ಅರ್ಧ ಕಿಲೋಮೀಟರ್ ದೂರ ಸರಿಸಿದ.

ಇಪ್ಪತ್ತು ನಿಮಿಷ ಕಳೆಯಿತು. ಮಂಜು ತೆಳುವಾಗಲಿಲ್ಲ. ಇನ್ನೊಂದು ಹತ್ತು ನಿಮಿಷ ಎಂದರು. ಅಷ್ಟರಲ್ಲಿ ತಮ್ಮ ಎರಡು ಸಲ ಕೇಳಿದ. ಒಂದು ಸಲ ಅವಳು “ಸ್ವಲ್ಪ ತಡ ಆಗ್ತಿದೆ” ಎಂದಳು, ಇನ್ನೊಂದು ಸಲ “ವಿಚಾರಿಸ್ತಿದ್ದೀನಿ” ಎಂದಳು. ಕಿಟಕಿಯಾಚೆ ಬಂದರಿನ ಕಟ್ಟೆಗೆ ಕಟ್ಟಿದ ದೋಣಿಗಳು ನಿಧಾನವಾಗಿ, ಆಳದಿಂದ ಯಾರೋ ಎತ್ತಿ ಇಳಿಸುವಂತೆ, ಏಳತೊಡಗಿದ್ದವು. ಹನ್ನೆರಡು ಐವತ್ತಕ್ಕೆ ನೆಲೆಯವರು ಕೊನೆಯ ಮಾತು ಹೇಳಿದರು: ಮೂರು ಗಂಟೆಯವರೆಗೆ ಆಸೆ ಇಟ್ಟುಕೊಳ್ಳಬೇಡಿ.

ಅವಳು ಮ್ಯಾನೇಜರನನ್ನು ಕೇಳಲಿಲ್ಲ. ನೇರ ಗುಂಡಿ ಒತ್ತಿದಳು. “ನಲವತ್ತೊಂದು, ಕೇಳು. ಹೆಲಿಕಾಪ್ಟರ್ ಬರಲ್ಲ. ಮಂಜು. ಅವರನ್ನ ಬುಡಕ್ಕೆ ಇಳಿಸು. ಬೋಟು ವಾಪಸ್ ಕರೀತಿದ್ದೀನಿ.”

ತಮ್ಮ ಕೇಳಿದ. “ಯಾವಾಗ ಗೊತ್ತಾಯ್ತು?”

“ಈಗ ತಾನೇ.”

ಅದು ಎರಡನೆಯ ಸುಳ್ಳು. ಇದನ್ನು ಹೇಳಿ ಎಂದು ಯಾರೂ ಅವಳ ಬೆನ್ನ ಹಿಂದೆ ನಿಂತಿರಲಿಲ್ಲ. ಮ್ಯಾನೇಜರ್ ಆಗ ಕಿಟಕಿಯ ಹತ್ತಿರ ಬೇರೆ ಯಾರಿಗೋ ಫೋನು ಮಾಡುತ್ತಿದ್ದ.

ತಮ್ಮ ಹತ್ತು ನಿಮಿಷ ಎಂದವನು ಎಂಟೇ ನಿಮಿಷದಲ್ಲಿ ಹಗ್ಗ ಕಟ್ಟಿದ. ಮೇಷ್ಟ್ರನ್ನು ಬಟ್ಟೆಯ ತೊಟ್ಟಿಲಿನಲ್ಲಿ ಬಿಗಿದು, ಹೊರಗಿನಿಂದ ಬುಡದ ಕಟ್ಟೆಗೆ ಇಳಿಸಿ, ತಾನೂ ಅದರ ಬೆನ್ನಿಗೇ ಇಳಿದ. ಮೇಷ್ಟ್ರು ಆಗಲೂ ಕಣ್ಣು ಬಿಟ್ಟೇ ಇದ್ದ. ಇಳಿಯುವಾಗ, ಹಗ್ಗ ತಿರುಚದಂತೆ ಎಲ್ಲಿ ಕೈಯಿಡಬೇಕು ಎಂದು ಹೇಳುತ್ತಿದ್ದನಂತೆ. ಬೋಟು ಮೊದಲ ಸಲ ಏಣಿಯ ಹತ್ತಿರ ಬಂದಾಗ ಉಬ್ಬು ಅದನ್ನು ಎರಡು ಆಳೆತ್ತರ ಎತ್ತಿ ಏಣಿಯ ಮೇಲೆ ಉಜ್ಜಿತು. ಎರಡನೆಯ ಸಲ ಮುಂಭಾಗದ ರಬ್ಬರಿನ ದಿಂಬು ಹರಿಯಿತು. ಮೂರನೆಯ ಸಲ ದಾಟಲು ನಿಂತಿದ್ದ ಕೆಲಸಗಾರನೊಬ್ಬನ ಕಾಲು ಸಿಕ್ಕಿಕೊಳ್ಳುವುದು ಕೂದಲೆಳೆಯಲ್ಲಿ ತಪ್ಪಿತು. ನಿಂತ ಎದೆಯನ್ನು ಮತ್ತೆ ಬಡಿಯುವಂತೆ ಮಾಡುವ ಯಂತ್ರದ ಪೆಟ್ಟಿಗೆ ಬೋಟಿನಲ್ಲಿತ್ತು. ಅದನ್ನು ಹಗ್ಗಕ್ಕೆ ಕಟ್ಟಿ ದಾಟಿಸಲು ನೋಡಿದರು. ಎಸೆದ ಹಗ್ಗ ಎರಡು ಸಲ ತಮ್ಮನ ಕೈಗೆಟುಕದೆ ನೀರಿಗೆ ಬಿತ್ತು. ಮೂರನೆಯ ಸಲ ಸಿಕ್ಕಿತು. ಎಳೆಯುವಾಗ ಪೆಟ್ಟಿಗೆ ಕಟ್ಟೆಯ ಕಬ್ಬಿಣದ ಕಾಲಿಗೆ ಬಡಿದು ಒಡೆಯಿತು.

ಒಂದು ಮೂವತ್ತೈದಕ್ಕೆ ಮೇಷ್ಟ್ರ ಉಸಿರು ನಿಂತಿತು. ತಮ್ಮ ಎದೆ ಒತ್ತುತ್ತ ಎಣಿಸುವುದು ರೇಡಿಯೊದಲ್ಲಿ ಕೇಳಿಸುತ್ತಿತ್ತು. ಅವಳೂ ದಡದಲ್ಲಿ ಕೂತು ಅವನ ಜೊತೆ ಎಣಿಸಿದಳು, ಅವನ ತಾಳ ತಪ್ಪದಿರಲೆಂದು. ಐವತ್ತು ನಿಮಿಷ ಎಣಿಸಿದರು. ಎರಡು ಇಪ್ಪತ್ತೈದಕ್ಕೆ, ಫೋನಿನಲ್ಲಿದ್ದ ವೈದ್ಯರು ನಿಲ್ಲಿಸಲು ಹೇಳಿದರು. ಅವಳು ಆ ಮಾತನ್ನು ಅವನಿಗೆ ದಾಟಿಸಿದಳು. ಅವನು ಇನ್ನೂ ಸ್ವಲ್ಪ ಹೊತ್ತು ಎಣಿಸಿದ.

ಮಂಜು ಹರಿದದ್ದು ನಾಲ್ಕಕ್ಕೆ. ಬುಡದ ಕಟ್ಟೆಯಿಂದ ಹೆಲಿಕಾಪ್ಟರಿಗೆ ಎತ್ತಲು ಬರುವುದಿಲ್ಲ, ಬೋಟಿಗಾದರೆ ಉಬ್ಬು ಇಳಿಯಬೇಕು. ಐದೂವರೆಗೆ, ಬೆಳಕು ಇನ್ನೂ ಇದ್ದಾಗ, ದೊಡ್ಡ ಹಡಗೊಂದು ಬಂದು ಉದ್ದನೆಯ ಕಾಲುಸೇತುವೆ ಚಾಚಿ ಇಬ್ಬರನ್ನೂ ಹತ್ತಿಸಿಕೊಂಡಿತು. ಅಲ್ಲಿಯವರೆಗೆ ತಮ್ಮ ಆ ಕಬ್ಬಿಣದ ಕಟ್ಟೆಯ ಮೇಲೆ ಮೇಷ್ಟ್ರ ಪಕ್ಕ ಕೂತಿದ್ದ. ಅವಳು ಹತ್ತು ನಿಮಿಷಕ್ಕೊಮ್ಮೆ ಕರೆದು “ಇದ್ದೀಯಾ?” ಎನ್ನುತ್ತಿದ್ದಳು. “ಇದ್ದೀನಿ” ಎನ್ನುತ್ತಿದ್ದ. ಮನೆಗೆ ಬಂದ ಮೇಲೆ ಅವಳು ಬಿಸಿನೀರು ಕಾಯಿಸಿ ಕೊಟ್ಟಳು. ಅವನು ಸ್ನಾನ ಮಾಡಿ ಬಂದು ಅವಳ ಭುಜಕ್ಕೆ ತಲೆಯಿಟ್ಟು ಅತ್ತ. “ನೀನು ದನೀಲಿ ಜೊತೆಗಿದ್ದೆ ಅಕ್ಕ, ಇಲ್ಲದಿದ್ರೆ ನಾನೂ ನೀರಿಗೆ ಹಾರಿಬಿಡ್ತಿದ್ದೆ” ಎಂದ. ಅವಳು ಅವನ ಒದ್ದೆ ತಲೆ ಒರೆಸಿದಳು. ಹೊರಟಿದೆ ಎಂದದ್ದು ಸುಳ್ಳೆಂದು ನಾಳೆ ಹೇಳಿದರಾಯಿತು ಎಂದುಕೊಂಡಳು. ಮರುದಿನವೂ ಹಾಗೆಯೇ ಅಂದುಕೊಂಡಳು. ಹೀಗೆ ಮೂರು ವಾರ.

ವಿಚಾರಣೆ ನಡೆದದ್ದು ಬಂದರಿನ ಕಚೇರಿಯ ಸಭೆಯ ಕೋಣೆಯಲ್ಲಿ. ಉದ್ದ ಮೇಜು, ಪ್ಲಾಸ್ಟಿಕ್ಕಿನ ನೀರಿನ ಲೋಟಗಳು, ಅಲುಗಾಡುವ ಒಂದು ಫ್ಯಾನು. ಮೂರು ಜನರ ಸಮಿತಿ ಒಂದು ಕಡೆ. ಈ ಕಡೆ ಅವಳು, ಮ್ಯಾನೇಜರ್, ಕ್ಯಾಪ್ಟನ್. ಗೋಡೆಯ ಬದಿಗೆ ಮೇಷ್ಟ್ರ ಹೆಂಡತಿ, ಅವಳ ಪಕ್ಕದಲ್ಲಿ ತಮ್ಮ. ಆ ಹೆಂಗಸು ಬ್ರೆಡ್ಡಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಳು. ಪಾಳಿ ಮುಗಿಸಿ ನೇರ ಬಂದಿದ್ದಳು, ತೋಳಿನ ಮೇಲೆ ಹಿಟ್ಟಿನ ಬಿಳಿ ಹಾಗೇ ಇತ್ತು.

ರೇಡಿಯೊದ ಮಾತೂ ಫೋನಿನ ಮಾತೂ ಒಂದೇ ಪೆಟ್ಟಿಗೆಯಲ್ಲಿ ದಾಖಲಾಗಿದ್ದವು. ಸಮಿತಿಯವರು ಹೊತ್ತಿನ ಸಮೇತ ಒಂದಾದ ಮೇಲೊಂದರಂತೆ ಕೇಳಿಸಿದರು. ಹನ್ನೆರಡು ಹತ್ತು: ಏಳೋಕೆ ಸಾಧ್ಯವಿಲ್ಲ. ಹನ್ನೆರಡು ಹನ್ನೆರಡು: ಹೊರಟಿದೆ. ಹನ್ನೆರಡು ಐವತ್ತೊಂದು: ಯಾವಾಗ ಗೊತ್ತಾಯ್ತು, ಈಗ ತಾನೇ.

ತಮ್ಮ ಮೊದಲಿಗೆ ಅರ್ಥವಾಗದವನಂತೆ ಪೆಟ್ಟಿಗೆಯನ್ನೇ ನೋಡಿದ. “ಇನ್ನೊಂದ್ಸಲ ಹಾಕಿ,” ಎಂದ. ಹಾಕಿದರು. ಅವನು ಎದ್ದು, ಕುರ್ಚಿಯನ್ನು ಸದ್ದಾಗದಂತೆ ಒಳಗೆ ಸರಿಸಿ, ಹೊರಗೆ ಹೋದ.

ಸಮಿತಿಯ ಹಿರಿಯ ಸದಸ್ಯ ಮ್ಯಾನೇಜರನ ಕಡೆ ತಿರುಗಿದ. “ಹೀಗೆ ಹೇಳಿ ಅಂತ ನೀವು ಹೇಳಿದ್ರಾ?”

“ಕಾಯೋಣ ಅಂದೆ. ಹೆದರಿಸಬೇಡಿ ಅಂದೆ. ಸುಳ್ಳು ಹೇಳಿ ಅನ್ನಲಿಲ್ಲ.”

“ಏನಮ್ಮ, ಹೌದಾ?”

ಅವಳಿಗೆ ಹೇಳಲು ಬೇಕಾದಷ್ಟಿತ್ತು. ಇಳಿಸೋಣ ಎಂದು ತಾನೇ ಅಂದದ್ದು, ಅವನು ಬೇಡವೆಂದದ್ದು. ಕೋಣೆಯೊಳಗಿನ ಮಾತು ಯಾವ ಪೆಟ್ಟಿಗೆಯಲ್ಲೂ ಇರಲಿಲ್ಲ. ಅದನ್ನೆಲ್ಲ ಹೇಳಿದಳು. ಹೇಳಿ ಮುಗಿಸಿ, “ಆದರೆ ಅವರು ಸುಳ್ಳು ಹೇಳಿ ಅನ್ನಲಿಲ್ಲ, ಅದು ನಿಜ. ಬಾಯಿ ನನ್ನದು,” ಎಂದಳು.

ಹನ್ನೆರಡೂ ಕಾಲಿಗೆ ಇಳಿಸಿದ್ದರೆ ಮನುಷ್ಯ ಉಳಿಯುತ್ತಿದ್ದನೇ ಎಂದು ವೈದ್ಯರನ್ನು ಕೇಳಿದರು. ಉಳಿಯಬಹುದಿತ್ತು, ಉಳಿಯದೆಯೂ ಇರಬಹುದಿತ್ತು, ಪ್ರಮಾಣ ಮಾಡಿ ಹೇಳಲಾಗದು ಎಂದರು. ವರದಿಯಲ್ಲಿ ಹದಿನಾಲ್ಕು ಸಲಹೆಗಳಿದ್ದವು. ಒಂದೇ ಮನೆಯವರನ್ನು ಒಂದೇ ದಿನ ದಡದಲ್ಲೊಬ್ಬರು ಕಂಬದಲ್ಲೊಬ್ಬರು ಇರುವಂತೆ ಕೆಲಸಕ್ಕೆ ಹಾಕಬಾರದು ಎಂಬುದು ಆರನೆಯದು. ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ರೇಡಿಯೊದಿಂದ ತೆಗೆಯಿರಿ ಎಂದು ಅವಳೇ ಬರೆದುಕೊಟ್ಟಳು. ನೆಲಮಹಡಿಯ ಕಡತಗಳ ಕೋಣೆಯಲ್ಲಿ ಒಂದು ಮೇಜು ಕೊಟ್ಟರು. ಮೂರನೇ ಮಹಡಿಗೆ ಹೊಸದಾಗಿ ಬಂದ ಹೆಂಗಸು ಚುರುಕಾಗಿದ್ದಳು. ಅವಳನ್ನು ಯಾರೂ ಅಕ್ಕ ಎನ್ನಲಿಲ್ಲ.

ವಿಚಾರಣೆಯ ಸಂಜೆ ಅವಳು ಮನೆಗೆ ಬಂದಾಗ ತಮ್ಮನ ಬಟ್ಟೆ, ಉಪಕರಣದ ಚೀಲ ಎರಡೂ ಇರಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿಗೆ ಸೇರಿದ್ದಾನೆ, ಅಂಗಡಿಯ ಮೇಲಿನ ಕೋಣೆಯಲ್ಲೇ ಇದ್ದಾನೆ ಎಂದು ವಾರದ ಬಳಿಕ ಕ್ಯಾಪ್ಟನ್ ತಿಳಿಸಿದ. ಏಣಿ ಹತ್ತುವುದನ್ನು ಪೂರ್ತಿ ಬಿಟ್ಟಿದ್ದನಂತೆ. ಅವಳು ಎರಡು ಸಲ ಹೋದಳು. ಮೊದಲ ಸಲ ಅವನು ತಾಮ್ರದ ತಂತಿಯಿಂದ ತಲೆ ಎತ್ತಲಿಲ್ಲ. ಎರಡನೆಯ ಸಲ ಅಂಗಡಿಯ ಮಾಲೀಕನೇ ಹೊರಗೆ ಬಂದು, “ಅಮ್ಮ, ಅವನು ಆಗಲ್ಲ ಅಂತಿದ್ದಾನೆ,” ಎಂದು ಕೈಮುಗಿದ.

ಮೇಷ್ಟ್ರ ಹೆಂಡತಿ ಬಂದದ್ದು ಎರಡು ತಿಂಗಳ ಮೇಲೆ, ಕಡತಗಳ ಕೋಣೆಗೆ. ಕೂರಲಿಲ್ಲ. “ನಿಮ್ಮನ್ನ ಬೈಯ್ಯೋಣ ಅಂತಲೇ ಬಂದೆ. ದಾರಿ ಉದ್ದಕ್ಕೂ ಬೈದುಕೊಂಡೇ ಬಂದೆ. ಈಗ ನೋಡಿದ್ರೆ ಬಾಯೇ ಏಳ್ತಿಲ್ಲ,” ಎಂದಳು. ಬಾಗಿಲ ಚೌಕಟ್ಟು ಹಿಡಿದುಕೊಂಡು ಕೇಳಿದಳು. “ಆ ಪೆಟ್ಟಿಗೇಲಿ ಅವರ ದನಿ ಇದೆಯಲ್ಲ. ನಮ್ಮ ಮನೇಲಿ ಅವರ ದನಿ ಎಲ್ಲೂ ಇಲ್ಲ. ನಂಗೆ ಅದು ಬೇಕು.”

ಕಂಪನಿಯನ್ನು ಕೇಳಿದರೆ ದಾಖಲೆ ಹೊರಗೆ ಕೊಡುವಂತಿಲ್ಲ ಎಂದರು. ದಡದಕ್ಕ ಊಟದ ಬಿಡುವಿನಲ್ಲಿ ಕೂತು ಆ ದಿನದ ದಾಖಲೆಯನ್ನು ಮೊದಲಿಂದ ಕೊನೆಯವರೆಗೆ ಕೇಳಿದಳು, ನಾಲ್ಕು ದಿನ. ಮೇಷ್ಟ್ರು ಆಡಿದ ಮಾತುಗಳನ್ನು ಮಾತ್ರ ಬೆರಳಚ್ಚು ಮಾಡಿದಳು. ಒಟ್ಟು ಹದಿನೇಳು ಮಾತು. ಕೆಮ್ಮಿದಲ್ಲಿ “ಕೆಮ್ಮು” ಎಂದು ಹಾಕಿದಳು. ತನ್ನ ಬಗ್ಗೆ ಅವನು ಆಡಿದ ಮಾತಿನ ಹತ್ತಿರ ಬಂದಾಗ ಬೆರಳು ನಿಂತವು. ಬಿಟ್ಟುಬಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದನ್ನೂ ಹಾಕಿದಳು. ಹಾಳೆಯನ್ನು ಬ್ರೆಡ್ಡಿನ ಕಾರ್ಖಾನೆಯ ಬಾಗಿಲಲ್ಲಿ ಆ ಹೆಂಗಸಿನ ಕೈಗೆ ಕೊಟ್ಟಳು. ಅವಳು ಅಲ್ಲೇ ನಿಂತು ಓದಿದಳು, ಮಡಿಸಿದಳು, ಒಳಗೆ ಹೋದಳು. ಅವರಿಬ್ಬರು ಮತ್ತೆ ಭೇಟಿಯಾಗಲಿಲ್ಲ.

ತಮ್ಮ ಮನೆಗೆ ಬಂದದ್ದು ಎರಡು ವರ್ಷದ ಮೇಲೆ, ಒಂದು ಭಾನುವಾರ ಮಧ್ಯಾಹ್ನ. ಬೇರೆ ಊರಿನಲ್ಲಿ ಕೆಲಸ ಸಿಕ್ಕಿತ್ತು, ಜನನ ಪ್ರಮಾಣಪತ್ರ ಬೇಕಾಗಿತ್ತು. ಕೂದಲು ಕಿವಿಯ ಹತ್ತಿರ ಬೆಳ್ಳಗಾಗಿತ್ತು, ಮೂವತ್ತೇಳಕ್ಕೇ. ಅವಳು ಬೀರು ತೆಗೆದು ಹುಡುಕುವಾಗ ಅವನು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತಿದ್ದ. ಕಾಗದ ಕೈಗೆ ಕೊಟ್ಟಾಗ ಅದನ್ನು ನೋಡುತ್ತಲೇ ಮಾತಾಡಿದ.

“ಮೊದಲು ಹೇಳಿದ್ದು ಹೋಗಲಿ ಅಕ್ಕ. ನಾನು ಆ ಜಾಗದಲ್ಲಿ ಇದ್ದಿದ್ರೆ ನಾನೂ ಹೇಳ್ತಿದ್ನೋ ಏನೋ. ಎರಡನೇದು ಯಾಕೆ ಹೇಳಿದೆ?”

“ಹೆದರಿಕೆ.”

“ಯಾರದು?”

“ನಿನ್ನದೇ. ನೀನು ಏನಂತೀಯೋ ಅಂತ.”

ಅವನು ತಲೆಯಾಡಿಸಿದ. ಒಪ್ಪಿದನೋ, ಕೇಳಿಸಿತು ಎಂದನೋ ಅವಳಿಗೆ ತಿಳಿಯಲಿಲ್ಲ. ಊಟ ಮಾಡಿಕೊಂಡು ಹೋಗು ಎಂದಳು. ಬಸ್ಸಿಗೆ ಹೊತ್ತಾಯಿತು ಎಂದ. ಆದರೂ ಅವಳು ತಟ್ಟೆ ಇಟ್ಟಾಗ ಹೊರಟುಹೋಗದೆ ನಿಂತುಕೊಂಡೇ ನಾಲ್ಕು ತುತ್ತು ತಿಂದ, ಕೈತೊಳೆದ, ಕಾಗದವನ್ನು ಅಂಗಿಯೊಳಗಿಟ್ಟುಕೊಂಡ.

ಹೊಸ ಊರಿನ ವಿಳಾಸವನ್ನು ಅವನು ಕೊಡಲಿಲ್ಲ. ಅವಳೂ ಕೇಳಲಿಲ್ಲ. ಮುಂದಿನ ವರ್ಷ ಅವಳು ಅವಧಿಗೆ ಮುಂಚೆಯೇ ನಿವೃತ್ತಳಾದಳು. ಕಂಪನಿಯವರು ಚಿಕ್ಕ ಸಭೆ ಮಾಡಿ ಒಂದು ಗೋಡೆ ಗಡಿಯಾರ ಕೊಟ್ಟರು. ಯಾರೋ ನಾಲ್ಕು ಮಾತಾಡಿ ಎಂದಾಗ ಅವಳು ಎದ್ದು ನಿಂತು, “ಎಲ್ಲರೂ ಹುಷಾರಾಗಿ ಹೋಗಿಬನ್ನಿ,” ಎಂದಷ್ಟೇ ಹೇಳಿ ಕೂತಳು.